ಇಟ್ಟ ಹಣದ ಬಡ್ಡಿ

ಒಬ್ಬನು ಯಾತ್ರೆಗೆ ಹೊರಡುವಾಗ ನೆರೆಯವನ ಕೈಯಲ್ಲಿ ನೂರು ರೂಪಾಯಿಗಳನ್ನು ಇಟ್ಟು ಹೋದನೆಂದುಕೊಳ್ಳೋಣ. ನೆರೆಯವನು ಆ ಹಣವನ್ನು ಪೆಟ್ಟಿಗೆಯಲ್ಲಿ ಸುಮ್ಮನಿರಿಸದೆ ಬಡ್ಡಿಗೆ ಕೊಟ್ಟನು; ಒಡೆಯನು ಹಿಂದಿರುಗಿದ ದಿನ ನೂರನ್ನೂ ಎಣಿಸಿ ಒಪ್ಪಿಸಿದನು; ನಡುವೆ ಬಂದ ಹತ್ತನ್ನು ತಾನೇ ಇರಿಸಿಕೊಂಡನು. ಇಟ್ಟವನಿಗೆ ಒಂದು ಕಾಸೂ ಕಡಮೆಯಾಗಲಿಲ್ಲ. ಇವನು ಕಳ್ಳನೆ? ಅಲ್ಲವೆಂದರೆ ಮನಸ್ಸು ಒಪ್ಪದು. ಹೌದೆಂದರೆ, ಕಳವಾದುದು ಯಾವುದು ತೋರಿಸು ಎಂದು ಬುದ್ಧಿಯು ಕೇಳುತ್ತದೆ.

ಇಬ್ಬರ ನಡುವಣ ಸಂಗತಿಯಾದರೆ ಊರಿನ ಹಿರಿಯರು ಕುಳಿತು ತೀರ್ಮಾನಿಸಿಯಾರು. ಆದರೆ ಇಟ್ಟವರು ಒಂದು ರಾಜ್ಯದ ಪ್ರಜೆಗಳೆಲ್ಲರೂ ಆಗಿ, ಇರಿಸಿಕೊಂಡವನು ಆ ರಾಜ್ಯದ ಅಧಿಕಾರಿಯೇ ಆಗಿದ್ದರೆ? ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಹದಿನೆಂಟನೆಯ ಶತಮಾನದ ಆದಿಭಾಗದ ಇಂಗ್ಲೆಂಡು ಒಳ್ಳೆಯ ನೆಲೆ. ಅಲ್ಲಿ ಇದು ಗುಟ್ಟಾಗಿ ನಡೆದ ಕೃತ್ಯವಲ್ಲ. ಹಗಲಿನಲ್ಲಿ, ಎಲ್ಲರೂ ಅರಿತಂತೆ, ಗೌರವಸ್ಥರು ನಡೆಸಿಕೊಂಡು ಬಂದ ಪದ್ಧತಿ.

ಆ ದೇಶದ ಬೊಕ್ಕಸಕ್ಕೆ ಎಕ್ಸ್‌ಚೆಕರ್ ಎಂದು ಹೆಸರು. ಅದರ ನಡವಳಿಕೆಗಳು ಬಹು ಪುರಾತನವಾದುವು. ಹಣ ಸಂದಾಯವಾದರೆ, ಒಂದು ಮರದ ಕೋಲಿನ ಮೇಲೆ ಮೊತ್ತಕ್ಕೆ ತಕ್ಕ ಕಚ್ಚುಗಳನ್ನು ಕೊಯ್ದು, ಕೋಲನ್ನು ಉದ್ದಕ್ಕೆ ಸೀಳಿ, ಒಂದು ಸೀಳನ್ನು ಹಣ ತೆತ್ತವನಿಗೆ ಕೊಟ್ಟು ಇನ್ನೊಂದನ್ನು ತಾವಿರಿಸಿಕೊಳ್ಳುವರು. ಈ ಕೋಲಿನ ರಸೀದಿ ೧೮೨೬ರವರೆಗೆ ನಡೆಯಿತು. ೧೮೩೪ರಲ್ಲಿ ಹಳೆಯ ಕೋಲುಗಳನ್ನು ಒಲೆಗೆ ಹಾಕಿ ಸುಡುವಾಗ ಪಾರ್ಲಿಮೆಂಟಿನ ಭವನವೇ ಉರಿದುಹೋಯಿತೆಂಬುದು ಪ್ರಸಿದ್ಧ ಸಂಗತಿ. ಇದನ್ನು ಹೇಳಿ ಜನರು ನಗುತ್ತಾರೆ. ಆದರೆ ಎರಡು ಸೀಳುಗಳ ಕಚ್ಚುಗಳೂ ಒಂದಕ್ಕೊಂದು ಕೂಡಿದರೆ ಮಾತ್ರ ಲೆಕ್ಕ ಸರಿಯೆನ್ನಿಸುವ ಆ ಉಪಾಯದಲ್ಲಿ ಮೋಸ ಸುಲಭವಾಗಿರಲಿಲ್ಲ. ತೊಡಕಿದ್ದುದು ಬೊಕ್ಕಸಕ್ಕೆ ಹಣ ಬರುವ ಬಾಗಿಲಿನಲ್ಲಿ ಅಲ್ಲ, ಅದು ಹೊರಕ್ಕೆ ಹೋಗುವ ಬಾಗಿಲಿನಲ್ಲಿ.

ಹೊರಕ್ಕೆ ಹೋಗುವ ಹಣದ ಬಹುಭಾಗ ಯುದ್ಧಕ್ಕಾಗಿ. ೧೭೦೨ರಿಂದ ೧೭೧೩ರವರೆಗೆ ಸ್ಪೇನಿನ ಸಿಂಹಾಸನದ ಉತ್ತರಾಧಿಕಾರಕ್ಕಾಗಿ ನಡೆದ ಯುದ್ಧದಲ್ಲಿ ಇಂಗ್ಲೆಂಡು ತನ್ನ ಸೈನ್ಯಕ್ಕಲ್ಲದೆ ಮಿತ್ರರಾಜರ ಸೈನ್ಯಗಳಿಗೂ ಹಣ ಒದಗಿಸಬೇಕಾಗಿತ್ತು. ಸೈನ್ಯಕ್ಕೆ ಬಟವಾಡೆ ಮಾಡತಕ್ಕ ಅಧಿಕಾರಿಗೆ ಪೇಮಾಸ್ಟರ್ ಎಂದು ಹೆಸರು. ಬೊಕ್ಕಸದಿಂದ ದೊಡ್ಡ ದೊಡ್ಡ ಮೊತ್ತಗಳು ಅವನ ಕೈಗೆ ಬರುವುವು. ಹಾಗೆ ಬಂದ ಹಣವು ಅಂದಿನಿಂದ ಅವನ ಹೆಸರಿನಲ್ಲಿಯೇ ಇರುವುದು. ಸರಾಫರಲ್ಲಿಡಲಿ, ಸಾಲಪತ್ರಗಳನ್ನು ಕೊಳ್ಳಲಿ, ಕೇಳುವವರಿಲ್ಲ. ರೆಜಿಮೆಂಟುಗಳ ಬೇಡಿಕೆ ಬಂದಾಗ ಅವನು ಕೊಡಬೇಕು, ಕಡೆಯಲ್ಲಿ ಲೆಕ್ಕ ಒಪ್ಪಿಸಬೇಕು, ಇಷ್ಟೇ ಅವನ ಹೊಣೆ. ಆ ಕಡೆಯೆಂಬುದು ಯಾವಾಗ? ತನಿಖೆಯ ಕಚೇರಿಯಲ್ಲಿ ಲೆಕ್ಕ ತೀರುವುದಕ್ಕೆ ಹತ್ತು, ಹದಿನೈದು ವರ್ಷಗಳು ಹಿಡಿದರೂ ಆಶ್ಚರ್ಯವಿರಲಿಲ್ಲ. ಅಧಿಕಾರ ಬಿಟ್ಟ ಮೇಲೂ ಲೆಕ್ಕ ತೀರುವವರೆಗೆ ಉಳಿಕೆಯ ಹಣವು ಆ ಹಳೆಯ ಅಧಿಕಾರಿಯ ಬಳಿಯಲ್ಲಿಯೇ ಇರುತ್ತಿತ್ತು.

೧೭೦೫ರಿಂದ ೧೭೧೩ರವರೆಗೆ ವಿದೇಶದಲ್ಲಿದ್ದ ಸೈನ್ಯದ ಪೇಮಾಸ್ಟರನಾಗಿದ್ದವನು ಜೇಮ್ಸ್ ಬ್ರಿಡ್ಜಸ್. ಎಂಟು ವರ್ಷಗಳಲ್ಲಿ ಅವನು ಗಳಿಸಿದ ಸಂಪತ್ತು ಸುಮಾರು ಆರು ಲಕ್ಷ ಪೌಂಡುಗಳೆಂದು ಚರಿತ್ರಕಾರರು ಹೇಳುತ್ತಾರೆ. ಒಬ್ಬ ಕಾಲಾಳಿಗೆ ಆಗ ದಿನಕ್ಕೆ ಎಂಟು ಪೆನ್ನಿಗಳ ಸಂಬಳ; ಇನ್ನೂರನಲವತ್ತು ಪೆನ್ನಿಗಳಿಗೆ ಒಂದು ಪೌಂಡು. ವಾಚಕರು ಬೇಕಾದರೆ ಲೆಕ್ಕ ಹಾಕಿಕೊಳ್ಳಬಹುದು. ಬ್ರಿಡ್ಜಸ್ ೧೭೧೯ರಲ್ಲಿ ಷ್ಯಾಂಡೋಸ್ ಡ್ಯೂಕನೆನಿಸಿದನು. ಲಂಡನಿನ ಬಳಿ ಕ್ಯಾನನ್ಸ್ ಎಂಬ ಅರಮನೆಯನ್ನು ಕಟ್ಟಿಸಿದನು. ಸಂಗೀತಗಾರನಾದ ಹ್ಯಾಂಡೆಲನು ಕೆಲಕಾಲ ಅಲ್ಲಿದ್ದು ಅವನ ದೇವಮಂದಿರಕ್ಕಾಗಿ ಸ್ತೋತ್ರಗೀತಗಳನ್ನು ರಚಿಸಿದನು. ೧೭೨೦ರ ಸೌತ್ ಸೀ ಕಂಪೆನಿಯ ಹುಚ್ಚಿನಲ್ಲಿ ಬ್ರಿಡ್ಜಸನ ಹಣ ಬಹಳ ಹೋಯಿತು. ಅವನು ೧೭೪೪ರಲ್ಲಿ ಸತ್ತ ಮೇಲೆ ಮಗನು ಅರಮನೆಯನ್ನು ಕೆಡವಿಸಿ ಕಲ್ಲು ಕಂಬಗಳನ್ನೆಲ್ಲ ಹರಾಜಿನಲ್ಲಿ ಮಾರಿಸಿದನು. ಇದನ್ನು ದೈವದ ಶಿಕ್ಷೆಯೆಂದು ಹೇಳುವವರಿದ್ದಾರೆ. ನನಗೆ ಆ ವಾದದಲ್ಲಿ ರುಚಿಯಿಲ್ಲ. ಸೌತ್ ಸೀ ಕಂಪೆನಿಯಲ್ಲಿ ಮುಳುಗಿದವರಲ್ಲಿ ವಿಧವೆಯರೂ ಇದ್ದರು. ಅವರು ಯಾವ ಸೈನ್ಯದ ಹಣವನ್ನೂ ಮುಟ್ಟಿದವರಲ್ಲ.

ಬ್ರಿಡ್ಜಸನ ಪಕ್ಷವನ್ನು ಹಿಡಿದು ಹೇಳಬಹುದಾದುದು ಅಲ್ಪವೇನಲ್ಲ. ಮೊದಲನೆಯದಾಗಿ, ಅವನು ಕಾನೂನನ್ನು ಮೀರಲಿಲ್ಲ. ಆ ಕಾಲದ ಬೊಕ್ಕಸದ ಅಧಿಕಾರಿಗಳಲ್ಲಿ ಬಹುಮಂದಿಗೆ ಸಂಬಳಕ್ಕಿಂತ ರುಸುಂ, ದಸ್ತೂರಿಗಳೇ ಮುಖ್ಯ ವರಮಾನ. ಅಧಿಕಾರವೆಂದರೆ ಒಂದು ಬಗೆಯ ಆಸ್ತಿಯೆಂದೇ ಎಲ್ಲರೂ ತಿಳಿದಿದ್ದರು. ಜೇನು ಕಿತ್ತವನು ಕೈ ನೆಕ್ಕುವುದು ತಪ್ಪೆಂದು ಯಾರೂ ಹೇಳಿರಲಿಲ್ಲ. ಎರಡನೆಯದಾಗಿ, ನಷ್ಟದ ಭಯವೂ ಅವನದೇ. ಸರಾಫನು ದಿವಾಳಿಯೆದ್ದರೆ ಪೇಮಾಸ್ಟರನು ತನ್ನ ಮನೆ ಮಠಗಳನ್ನು ಮಾರಿಯಾದರೂ ಸರ್ಕಾರಕ್ಕೆ ತುಂಬಿಕೊಡಬೇಕು. ಮೂರನೆಯದು ಇನ್ನೂ ಬಲವಾದ ಮಾತು: ಬೊಕ್ಕಸ ಬರಿದಾದಾಗ ಪೇಮಾಸ್ಟರನು ತನ್ನ ಸ್ವಂತ ಹೆಸರಿನ ಮೇಲೆ ಸಾಲ ತಂದು ಸೈನ್ಯವನ್ನು ನಡೆಸುವುದುಂಟು. ಸರ್ಕಾರಕ್ಕೆ ಹುಟ್ಟದ ಸಾಲ ಅವನಿಗೆ ಹುಟ್ಟುತ್ತಿತ್ತು. ಏಕೆಂದರೆ ಅವನು ಹಣವಂತನೆಂದು ಪೇಟೆಯವರು ಬಲ್ಲರು. ಅವನು ಹಣವಂತನಾದುದು ಈ ದಾರಿಯಿಂದಲೇ. ಹೊಳೆಯ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡವನು ಬೇಸಗೆಯಲ್ಲಿ ತನ್ನ ಬಾವಿಯಿಂದ ಊರಿಗೆ ನೀರು ಕೊಟ್ಟಂತೆ.

ಈ ಮೂರು ಸಮಾಧಾನಗಳನ್ನು ಒಪ್ಪಿದರೂ ಒಂದು ಉಳಿಯುತ್ತದೆ. ಯಾರಿಗೂ ನಷ್ಟವಾಗಲಿಲ್ಲವೆಂಬ ಮಾತು ನಿಜವೆ? ಬಡ್ಡಿಯೆಂಬುದು ಶೂನ್ಯದಿಂದ ಹುಟ್ಟತಕ್ಕುದಲ್ಲ. ಅದು ಕಾಲದ ಬೆಲೆ. ಪೇಮಾಸ್ಟರನ ಬಳಿಯಲ್ಲಿ ಹಣವು ಆರು ತಿಂಗಳು ನಿಂತಿತೆಂದರೆ, ಯಾರೋ ಆರು ತಿಂಗಳು ಕಾದರೆಂದು ಅರ್ಥ. ಕಾದವರು ಯಾರು?

ಕಾಲಾಳಿನ ಎಂಟು ಪೆನ್ನಿಗಳಲ್ಲಿ ಆರು ಅವನ ಹೊಟ್ಟೆಯ ಪಾಡಿಗೆ ಹೋಗುವುವು. ಉಳಿದ ಎರಡರಲ್ಲಿ ಉಡುಪಿನ ಬೆಲೆಯನ್ನೂ ಬಗೆಬಗೆಯ ಕಡಿತಗಳನ್ನೂ ಹಿಡಿದುಕೊಳ್ಳುವರು. ಪೌಂಡಿಗೆ ಒಂದು ಷಿಲ್ಲಿಂಗಿನಂತೆ, ಎಂದರೆ ಇಪ್ಪತ್ತರಲ್ಲೊಂದು ಪಾಲು, ಬಟವಾಡೆಯ ಕಚೇರಿ ಮೊದಲಾದುವಕ್ಕೆ ಮುರಿದುಕೊಳ್ಳುವರು. ವರ್ಷಕ್ಕೆ ಒಂದು ದಿನದ ಸಂಬಳ ಚೆಲ್ಸಿಯಲ್ಲಿದ್ದ ವೃದ್ಧಸೈನಿಕರ ಆಶ್ರಮಕ್ಕೆ. ಏನಾದರೂ ಮಿಕ್ಕರೆ ಅದು ಬಾಕಿ. ಬಾಕಿಯ ತೀರ್ಮಾನ ನಿಧಾನ. ನೌಕಾಪಡೆಯಲ್ಲಿ ಇನ್ನೂ ಕಷ್ಟ. ನಾವಿಕನಿಗೆ ಹಣಕ್ಕೆ ಬದಲಾಗಿ ಚೀಟಿ ಸಿಕ್ಕುತ್ತಿತ್ತು. ಕಾಯಲಾರದ ಬಡವನು ಅದನ್ನು ದಲ್ಲಾಳಿಗೆ ಕಡಮೆ ಬೆಲೆಗೆ ಮಾರಿಕೊಳ್ಳುವನು. ೧೭೧೧ರ ವೇಳೆಗೆ ಸರ್ಕಾರವು ಹೀಗೆ ನೌಕಾಪಡೆ, ಸೈನ್ಯ, ಸರಬರಾಜುಗಳ ಲೆಕ್ಕದಲ್ಲಿ ತೀರಿಸದೆ ಉಳಿಸಿಕೊಂಡ ಸಾಲ ಸುಮಾರು ತೊಂಬತ್ತೈದು ಲಕ್ಷ ಪೌಂಡುಗಳಿಗೆ ಏರಿತ್ತು. ಆ ಸಾಲದ ಪತ್ರಗಳನ್ನು ಹಿಡಿದಿದ್ದವರಿಗೆ ಹೊಸದಾಗಿ ಹುಟ್ಟಿದ ಸೌತ್ ಸೀ ಕಂಪೆನಿಯ ಷೇರುಗಳನ್ನು ಕೊಟ್ಟು, ಕಂಪೆನಿಗೆ ನೂರಕ್ಕೆ ಆರರಂತೆ ಬಡ್ಡಿ ಕೊಡುವುದಾಗಿ ಸರ್ಕಾರ ಒಪ್ಪಿಕೊಂಡಿತು. ವಿಚಿತ್ರವನ್ನು ನೋಡಬೇಕು: ಪ್ರಜೆಗಳು ತೆರಿಗೆ ಕೊಟ್ಟ ಹಣ ಅಧಿಕಾರಿಯ ಕೈಯಲ್ಲಿ ನಿಂತು ಅವನಿಗೆ ಬಡ್ಡಿಯನ್ನು ತರುತ್ತಿತ್ತು, ಅದೇ ಪ್ರಜೆಗಳು ಸರ್ಕಾರದ ಸಾಲಕ್ಕೆ ಬಡ್ಡಿಯನ್ನು ತೆರುತ್ತಿದ್ದರು.

ಇದಕ್ಕಿಂತ ಒಳಗಿನ ಕೇಡು ಬೇರೊಂದು. ಹಣ ನಿಂತಷ್ಟು ದಿನ ಲಾಭವೆಂದಾದ ಮೇಲೆ, ಬೇಗ ಕೊಡಬೇಕಾದವನಿಗೆ ತಡವಾಗಲಿ ಎಂಬ ಆಶೆ ಹುಟ್ಟುತ್ತದೆ. ಅವನು ಬೇಕೆಂದು ತಡಮಾಡಿದನೆಂದು ನಾನು ಹೇಳುತ್ತಿಲ್ಲ. ಲೆಕ್ಕ ತನಿಖೆಯಾಗದಿರುವುದಕ್ಕೆ ದಾರಿಯ ದೂರ, ಯುದ್ಧದ ಗಲಭೆ, ಕಳೆದುಹೋದ ರಸೀದಿಗಳು, ಎಷ್ಟೋ ನಿಜವಾದ ಕಾರಣಗಳಿದ್ದುವು. ಆದರೆ ಆ ಕಾರಣಗಳನ್ನು ತೊಲಗಿಸಲು ಯಾರು ಶ್ರಮಪಡಬೇಕಾಗಿತ್ತೋ ಅವನಿಗೆ ಅವುಗಳಿಂದಲೇ ಲಾಭ. ವೈದ್ಯನ ಜೀವನವು ರೋಗಿಯ ರೋಗ ಬೆಳೆಯುವುದರ ಮೇಲೆ ನಿಂತಿದ್ದರೆ, ಆ ವೈದ್ಯನು ಎಷ್ಟೇ ಸಜ್ಜನನಾದರೂ ಅವನ ಮನೆಗೆ ಮಗುವನ್ನು ಕರೆದುಕೊಂಡು ಹೋಗಲು ತಾಯಿಯು ಹಿಂಜರಿಯುವಳು. ನ್ಯಾಸವನ್ನು ಇಟ್ಟುಕೊಂಡವನ ಸ್ವಹಿತವು ನ್ಯಾಸವಿಟ್ಟವನ ಹಿತಕ್ಕೆ ಎದುರಾಗಿ ನಿಂತಿತೆಂಬುದೇ ಇಲ್ಲಿಯ ಅಪರಾಧ. ಬಡ್ಡಿಯ ಮೊತ್ತ ಒಂದು ಪೌಂಡಾಗಲಿ ಒಂದು ಲಕ್ಷವಾಗಲಿ ಇದು ಹೆಚ್ಚು ಕಡಮೆಯಾಗದು.

ನಮ್ಮ ಪ್ರಾಚೀನರು ಈ ಸೂಕ್ಷ್ಮವನ್ನು ಕಂಡಿದ್ದರು. ಮೈಸೂರಿನಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಶವು ಕ್ಷಯಿಸುವ ಎಂಟು ಬಗೆಗಳನ್ನು ಎಣಿಸುವಾಗ ಅಪಹಾರವೆಂಬುದನ್ನು ಒಂದಾಗಿ ಹೇಳಿ, ಕೋಶದ ಹಣವನ್ನು ಬಡ್ಡಿಗೆ ಬಿಡುವುದನ್ನು ಪ್ರಯೋಗವೆಂಬ ಹೆಸರಿನಿಂದ ಬೇರೆಯಾಗಿಯೇ ಇಟ್ಟಿದೆ. ಅದಕ್ಕೆ ವಿಧಿಸಿದ ದಂಡ, ಬಂದ ಲಾಭದ ಇಮ್ಮಡಿ. ಕಳವಲ್ಲ, ಆದರೂ ದಂಡನೀಯ. ಅಸಲನ್ನು ನೋಡಿ ಅಲ್ಲ, ಲಾಭವನ್ನು ನೋಡಿ ದಂಡ. ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆಗ ಇಷ್ಟು ಬಿಡಿಸಿ ನೋಡುವ ತಾಳ್ಮೆಯಿರಲಿಲ್ಲ.

೧೭೧೦ರಲ್ಲಿ ಮಂತ್ರಿಮಂಡಲ ಬದಲಾಯಿತು. ೧೭೧೧ರಲ್ಲಿ ಹೊಸ ಪಕ್ಷದವರು, ಮೂರೂವರೆ ಕೋಟಿ ಪೌಂಡುಗಳಿಗೆ ಲೆಕ್ಕ ಒಪ್ಪಿಸಿಲ್ಲವೆಂದು ಕಾಮನ್ಸ್ ಸಭೆಯಲ್ಲಿ ನಿರ್ಣಯ ಮಾಡಿದರು. ಲೆಕ್ಕ ತೀರಿಲ್ಲವೆಂಬುದೂ ಹಣ ಕಾಣೆಯಾಗಿದೆಯೆಂಬುದೂ ಒಂದಲ್ಲ. ಆದರೆ ಬೀದಿಯ ಜನರಿಗೆ ಒಂದಾಗಿಯೇ ಕೇಳಿಸಿತು, ಹಾಗೆ ಕೇಳಿಸಲೆಂದೇ ಹೇಳಿದ್ದು. ಸೇನಾಪತಿ ಮಾರ್ಲ್‌ಬರೊ, ಸೈನ್ಯಕ್ಕೆ ರೊಟ್ಟಿ ಒದಗಿಸುವ ಗುತ್ತಿಗೆದಾರರಿಂದ ಅರುವತ್ತುಮೂರು ಸಾವಿರಕ್ಕೂ ಹೆಚ್ಚು ಪೌಂಡುಗಳನ್ನು ಪಡೆದನೆಂದೂ, ವಿದೇಶೀಯ ಪಡೆಗಳ ಸಂಬಳದಲ್ಲಿ ನೂರಕ್ಕೆ ಎರಡೂವರೆಯಂತೆ ಮುರಿದುಕೊಂಡನೆಂದೂ ಆಪಾದನೆಗಳು ಬಂದುವು. ಗುಪ್ತಚಾರರಿಗಾಗಿ ವೆಚ್ಚವಾಯಿತೆಂದು ಅವನು ಉತ್ತರ ಕೊಟ್ಟನು. ಎರಡೂವರೆಯ ವಿಷಯದಲ್ಲಿ ರಾಣಿಯ ಅಪ್ಪಣೆಯೂ ಅವನಲ್ಲಿತ್ತು. ಅವನನ್ನು ಪದಚ್ಯುತಗೊಳಿಸಿದರು. ಅವನ ಸ್ಥಾನಕ್ಕೆ ಬಂದ ಆರ್ಮಂಡ್ ಪ್ರಭುವಿಗೆ ಅದೇ ಎರಡೂವರೆಯನ್ನು ಮತ್ತೆ ಕೊಡಮಾಡಿದರು! ಕುದುರೆಮೇವಿನ ಗುತ್ತಿಗೆಯಲ್ಲಿ ಲಂಚವೆಂದು ರಾಬರ್ಟ್ ವಾಲ್ಪೋಲನನ್ನು ೧೭೧೨ರಲ್ಲಿ ಲಂಡನಿನ ಕೋಟೆಯಲ್ಲಿ ಸೆರೆಯಿಟ್ಟರು. ಎರಡೇ ವರ್ಷಗಳಲ್ಲಿ, ಪಕ್ಷ ತಿರುಗಿದೊಡನೆ, ಅವನೇ ಸೈನ್ಯದ ಪೇಮಾಸ್ಟರನಾದನು. ಧರ್ಮದ ಪ್ರಶ್ನೆಯನ್ನು ಪಕ್ಷದ ಆಯುಧವನ್ನಾಗಿ ಮಾಡಿದರೆ ಹೀಗಾಗುತ್ತದೆ: ಪದ್ಧತಿಗೆ ಶಿಕ್ಷೆಯಾಗುವುದಿಲ್ಲ, ಸೋತವನಿಗೆ ಆಗುತ್ತದೆ.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವವನು ಸಿಡ್ನಿ ಗೊಡಾಲ್ಫಿನ್. ೧೭೦೨ರಿಂದ ೧೭೧೦ರವರೆಗೆ ಅವನು ಲಾರ್ಡ್ ಟ್ರೆಷರರ್, ಬೊಕ್ಕಸಕ್ಕೆಲ್ಲ ಒಡೆಯ. ಜೂಜಿನಲ್ಲಿಯೂ ಕುದುರೆಯ ಪಂದ್ಯಗಳಲ್ಲಿಯೂ ಬಹಳ ಆಸಕ್ತಿಯುಳ್ಳವನು. ಆದರೂ ಸರ್ಕಾರದ ಹಣದ ವಿಷಯದಲ್ಲಿ ಅವನ ಕೈ ಶುದ್ಧ. ೧೭೧೨ರಲ್ಲಿ ಅವನು ಸತ್ತಾಗ ಅಂಥ ಪದವಿಯಲ್ಲಿದ್ದವನಿಗೆ ಬಹು ಸ್ವಲ್ಪವೆನ್ನಿಸುವ ಆಸ್ತಿಯನ್ನು ಬಿಟ್ಟಿದ್ದನು. ಆದರೆ ಬ್ರಿಡ್ಜಸನು ಶ್ರೀಮಂತನಾದುದು ಈ ಶುದ್ಧಹಸ್ತನ ಆಡಳಿತದಲ್ಲಿಯೇ, ಅವನ ಕಣ್ಣೆದುರಿನಲ್ಲಿಯೇ. ಗೊಡಾಲ್ಫಿನನಿಗೆ ಗೊತ್ತಿರಲಿಲ್ಲವೆನ್ನಲು ಆಗದು. ಅವನಿಗೆ ಯುದ್ಧ ನಡೆಯಬೇಕಾಗಿತ್ತು. ಯುದ್ಧಕ್ಕೆ ಸಾಲ ಬೇಕಾಗಿತ್ತು. ಸಾಲಕ್ಕೆ ಇಂಥವರು ಬೇಕಾಗಿದ್ದರು. ತಾನು ಮುಟ್ಟದೆ, ಮುಟ್ಟುವವನನ್ನು ತಡೆಯದೆ ಇದ್ದ ಒಡೆಯನ ಪ್ರಾಮಾಣಿಕತೆಗೆ ಬೆಲೆಯೆಷ್ಟು? ಅದು ಅವನ ಮಟ್ಟಿಗೆ ಭೂಷಣ. ಎಂಟು ಪೆನ್ನಿಯ ಕಾಲಾಳಿಗೆ ಅದರಿಂದ ಬಂದುದು ಏನೂ ಕಾಣದು. ಆದರೂ ಅವನ ಸ್ಥಾನದಲ್ಲಿ ನಿಂತು, ಮುಂದಿನ ವಾರ ಫ್ಲಾಂಡರ್ಸಿಗೆ ಹಣ ಹೋಗದಿದ್ದರೆ ಸೈನ್ಯ ಚೆದರುವುದೆಂಬ ಭಯವನ್ನು ಎದುರಿಸಿ, ಪದ್ಧತಿಯನ್ನು ತಿದ್ದುತ್ತೇನೆಂದು ಹೊರಡುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗೆ ಇದ್ದೀತು?

೧೭೪೬ರಲ್ಲಿ ವಿಲಿಯಂ ಪಿಟ್ ಪೇಮಾಸ್ಟರನಾದಾಗ, ಕೈಗೆ ಬಂದ ಹಣವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿಟ್ಟು ಅದರ ಬಡ್ಡಿಯನ್ನು ಮುಟ್ಟಲಿಲ್ಲ; ವಿದೇಶೀಯ ರಾಜರಿಗೆ ಕೊಡುವ ಸಹಾಯಧನದಲ್ಲಿ ಪೇಮಾಸ್ಟರನಿಗೆ ಸಲ್ಲುತ್ತಿದ್ದ ದಸ್ತೂರಿಯನ್ನೂ ಬೇಡವೆಂದನು. ಅವನು ಹಣವಂತನಾಗಿರಲಿಲ್ಲ. ದೇಶವೆಲ್ಲ ಅವನನ್ನು ಕೊಂಡಾಡಿತು. ಆ ಹೊಗಳಿಕೆಯೇ ಸಾಕ್ಷಿ: ಪದ್ಧತಿಯು ತಪ್ಪೆಂದು ಜನರ ಅಂತಃಕರಣಕ್ಕೆ ಮೊದಲಿನಿಂದಲೂ ತಿಳಿದಿತ್ತು, ಇಲ್ಲದಿದ್ದರೆ ಒಬ್ಬನು ತನಗೆ ಸಲ್ಲತಕ್ಕ ಹಣವನ್ನು ಬಿಟ್ಟುದಕ್ಕೆ ಅವನನ್ನು ಮೂರ್ಖನೆನ್ನುತ್ತಿದ್ದರು. ಆದರೆ ಪಿಟ್ ಹೋದ ಕೆಲವು ವರ್ಷಗಳ ಮೇಲೆ, ೧೭೫೭ರಲ್ಲಿ, ಆ ಸ್ಥಾನಕ್ಕೆ ಬಂದ ಹೆನ್ರಿ ಫಾಕ್ಸ್ ಹಳೆಯ ದಾರಿಯನ್ನೇ ಹಿಡಿದನು. ೧೭೬೫ರಲ್ಲಿ ಅವನು ಅಧಿಕಾರ ಬಿಟ್ಟ ಮೇಲೂ ಉಳಿಕೆಯ ಹಣ ಅವನ ಬಳಿಯಲ್ಲಿಯೇ ಬಡ್ಡಿಯನ್ನು ಹಡೆಯುತ್ತಿತ್ತು. ೧೭೭೪ರಲ್ಲಿ ಅವನು ಸಾಯುವವರೆಗೂ ಲೆಕ್ಕ ತೀರಲಿಲ್ಲ. ಸಜ್ಜನನೊಬ್ಬನು ಕುರ್ಚಿಯಲ್ಲಿ ಕುಳಿತು ಎದ್ದುಹೋದುದರಿಂದ ಕುರ್ಚಿಯ ಗುಣ ಬದಲಾಗಿರಲಿಲ್ಲ. ೧೭೮೨ರಲ್ಲಿ ಎಡ್ಮಂಡ್ ಬರ್ಕನ ಪ್ರಯತ್ನದಿಂದ ಶಾಸನವಾಗಿ, ಮರುವರ್ಷ ಅದನ್ನು ತಿದ್ದಿ ಜಾರಿಗೆ ತಂದರು: ಸೈನ್ಯದ ಹಣ ಇನ್ನು ಮೇಲೆ ಬ್ಯಾಂಕಿನಲ್ಲಿಯೇ ಇರತಕ್ಕದ್ದು, ಅಧಿಕಾರಿಯ ಸ್ವಂತ ಹೆಸರಿನಲ್ಲಿ ಅಲ್ಲ, ಅವನ ಕಚೇರಿಯ ಲೆಕ್ಕದಲ್ಲಿ. ಬ್ರಿಡ್ಜಸನು ಬಟವಾಡೆ ಮಾಡಿದ ಸೈನಿಕರಲ್ಲಿ ಆ ವೇಳೆಗೆ ಯಾರೂ ಬದುಕಿದ್ದಿರಲಾರರು.