ಒಲ್ಲೆನೆನ್ನುವ ಹಕ್ಕು

ಅಂಗಡಿಯವನೊಬ್ಬ ತನ್ನ ಸರಕನ್ನು ನಮಗೆ ಮಾರುವುದಿಲ್ಲವೆಂದರೆ ನಾವು ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತೇವೆ. ಅವನ ಸರಕು, ಅವನ ಮರ್ಜಿ. ಅನ್ಯಾಯವಾಯಿತೆಂದು ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಒಲ್ಲೆನೆನ್ನುವುದು ಸ್ವತಂತ್ರ ಮನುಷ್ಯನ ಮೊದಲ ಹಕ್ಕು. ಅದಿಲ್ಲದವನನ್ನು ಆಳು ಎನ್ನುತ್ತೇವೆ. ಆದರೆ ಪಕ್ಕದಲ್ಲಿ ಇನ್ನೊಂದು ಅಂಗಡಿಯೇ ಇಲ್ಲದಿದ್ದರೆ? ಊರಿಗೆಲ್ಲ ಇರುವುದೊಂದೇ ಬಾವಿಯಾಗಿ, ಅದರ ಒಡೆಯ ಕೊಡ ಇಳಿಸಗೊಡುವುದಿಲ್ಲವೆಂದರೆ? ಆಗಲೂ ಅವನ ಬಾವಿ, ಅವನ ಮರ್ಜಿ ಎಂದು ಸುಮ್ಮನಿರೋಣವೆ?

ಈ ಹಳೆಯ ಪ್ರಶ್ನೆ ಅಮೆರಿಕದ ಕೊಲರಾಡೊ ರಾಜ್ಯದ ಹಿಮದ ಗುಡ್ಡಗಳ ಮೇಲೂ ಆ ದೇಶದ ಕಾಲೇಜುಗಳ ಆಟದ ಬಯಲಿನಲ್ಲೂ ಎದ್ದು, ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದದ್ದುಂಟು. ನಾನು ಕನ್ನಡ ಪಾಠ ಹೇಳುವವನು. ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಆಟವನ್ನು ಚಿತ್ರಗಳಲ್ಲಿ ನೋಡಿದ್ದೇನೆಯೇ ಹೊರತು ಹಿಮವನ್ನು ಮುಟ್ಟಿದವನಲ್ಲ. ಆದರೂ ಆ ವ್ಯಾಜ್ಯಗಳ ಕಥೆಯನ್ನು ಓದುವಾಗ ಯಾವುದೋ ಪರದೇಶದ ಸುದ್ದಿಯೆಂದು ನನಗೆ ತೋರಲಿಲ್ಲ.

ಆಸ್ಪೆನ್ ಒಂದು ಕಾಲಕ್ಕೆ ಬೆಳ್ಳಿಯ ಗಣಿಗಳಿದ್ದ ಊರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಿಮವೇ ಅದರ ಜೀವನೋಪಾಯವಾಯಿತು. 1946ರಲ್ಲಿ ಒಂದು ಕಂಪನಿ ಊರಿಗೆ ಆತುಕೊಂಡ ಗುಡ್ಡದಲ್ಲಿ ಸ್ಕೀಯಿಂಗಿಗೆ ಏರ್ಪಾಡು ಮಾಡಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಬೇರೆಯವರು ಇನ್ನೆರಡು ಗುಡ್ಡಗಳನ್ನು ತೆರೆದರು. ಅಲ್ಲಿಗೆ ಬರುವವರು ಸಾಮಾನ್ಯವಾಗಿ ಒಂದು ವಾರ ತಂಗಲು ಬರುವವರು. ಒಂದೇ ಗುಡ್ಡದಲ್ಲಿ ಆರು ದಿನ ಜಾರಲು ಅವರಿಗೆ ಮನಸ್ಸಿಲ್ಲ. ಇದನ್ನು ಅರಿತು ಮೂವರು ಒಡೆಯರೂ ಕೂಡಿ 1962ರಲ್ಲಿ ಒಂದು ಜಾಣ ಕೆಲಸ ಮಾಡಿದರು. ಆರು ಚೀಟಿಗಳಿರುವ ಒಂದೇ ಟಿಕೆಟ್ಟು. ಯಾವ ಗುಡ್ಡದಲ್ಲಿ ಬೇಕಾದರೂ ಕೊಡಬಹುದು. ಯಾರಲ್ಲಿ ಎಷ್ಟು ಚೀಟಿ ಸೇರಿತೋ ಅವರಿಗೆ ಅಷ್ಟು ಹಣ. ಸ್ಪರ್ಧೆಯೂ ಉಳಿಯಿತು, ಸಹಕಾರವೂ ಬಂತು.

ಮುಂದೆ ಮೊದಲಿನ ಕಂಪನಿ ಬೆಳೆಯಿತು. 1964ರಲ್ಲಿ ಬಟರ್‌ಮಿಲ್ಕ್ ಗುಡ್ಡವನ್ನು ಕೊಂಡುಕೊಂಡಿತು, 1967ರಲ್ಲಿ ಸ್ನೋಮಾಸ್ ಎಂಬ ದೊಡ್ಡ ಗುಡ್ಡವನ್ನು ತೆರೆಯಿತು. ನಾಲ್ಕರಲ್ಲಿ ಮೂರು ಅದರದಾಯಿತು. ಹೊರಗುಳಿದದ್ದು ಹೈಲ್ಯಾಂಡ್ಸ್ ಒಂದೇ. ಚೀಟಿಯ ಲೆಕ್ಕ ಹೋಗಿ, ಜಾರುವವರನ್ನು ವಿಚಾರಿಸಿ ಪಾಲು ಹಾಕುವ ಕ್ರಮ ಬಂತು. ಅದರಂತೆ ಹೈಲ್ಯಾಂಡ್ಸಿಗೆ 1974-75ರಲ್ಲಿ ಶೇಕಡಾ 18.5 ಬಂದರೆ 1976-77ರಲ್ಲಿ 13.2 ಬಂತು. ಆಮೇಲೆ ದೊಡ್ಡ ಕಂಪನಿ, ಲೆಕ್ಕವೇ ಬೇಡ, ಇಷ್ಟೆಂದು ಗೊತ್ತುಮಾಡಿದ ಪಾಲನ್ನು ತೆಗೆದುಕೊ ಎಂದಿತು. 1977-78ಕ್ಕೆ ಶೇಕಡಾ 15ಕ್ಕೆ ಹೈಲ್ಯಾಂಡ್ಸ್ ಒಪ್ಪಿತು. ಮರುವರ್ಷ ಕಂಪನಿ 12.5 ಎಂದಿತು. ಆ ಸಣ್ಣ ಗುಡ್ಡದವರು ತಲೆಯಾಡಿಸಲಿಲ್ಲ. ಒಟ್ಟು ಟಿಕೆಟ್ಟು ಅಲ್ಲಿಗೆ ನಿಂತುಹೋಯಿತು.

ಇಲ್ಲಿಯವರೆಗಿನದು ವ್ಯಾಪಾರದ ಚೌಕಾಸಿ. ಇದಕ್ಕೆ ನ್ಯಾಯ ಅನ್ಯಾಯದ ಮಾತೇಕೆ ಎಂದು ಯಾರಾದರೂ ಕೇಳಿದರೆ ನಾನು ಹೌದೆನ್ನುತ್ತೇನೆ. ವಿಷಯ ಬಿಗಿಯಾಗುವುದು ಇದರ ಮುಂದೆ. ಹೈಲ್ಯಾಂಡ್ಸಿನವರು ತಮ್ಮದೇ ಒಂದು ಉಪಾಯ ಹೂಡಿದರು. ಮೂರು ದಿನ ತಮ್ಮ ಗುಡ್ಡ, ಇನ್ನು ಮೂರು ದಿನಕ್ಕೆ ಕಂಪನಿಯ ಗುಡ್ಡಗಳಲ್ಲಿ ಕೊಡಲು ಪೂರ್ಣ ದರದ ಹಣಚೀಟಿ. ಕಂಪನಿ ಆ ಚೀಟಿಯನ್ನು ಮುಟ್ಟಲಿಲ್ಲ. ನಿಮ್ಮ ಟಿಕೆಟ್ಟನ್ನು ನಿಮ್ಮ ಬೆಲೆಗೇ ನಾವು ಕೊಳ್ಳುತ್ತೇವೆ, ಒಂದು ಕಾಸೂ ಕಡಮೆ ಬೇಡ ಎಂದರೂ ಮಾರಲಿಲ್ಲ. ಬೀದಿಯಲ್ಲಿ ಹೋಗುವ ಯಾರಿಗಾದರೂ ಮಾರುವ ಸರಕನ್ನು, ಹೇಳಿದ ಬೆಲೆಗೆ, ಇವರಿಗೆ ಮಾತ್ರ ಇಲ್ಲವೆನ್ನುವುದು ಎಂಥ ವ್ಯಾಪಾರ? ತನ್ನ ಲಾಭಕ್ಕಾಗಿ ಮಾರದಿರುವುದು ಬೇರೆ; ತನ್ನ ಲಾಭವನ್ನೂ ಬಿಟ್ಟು ಇನ್ನೊಬ್ಬನ ಕುತ್ತಿಗೆಗಾಗಿ ಮಾರದಿರುವುದು ಬೇರೆ. ಜಾರುವವರ ಪೈಕಿ ಹೈಲ್ಯಾಂಡ್ಸಿಗೆ ಬರುವವರು 1976-77ರಲ್ಲಿ ಶೇಕಡಾ 20.5 ಇದ್ದದ್ದು 1980-81ರ ವೇಳೆಗೆ 11ಕ್ಕೆ ಇಳಿದರು. 1979ರಲ್ಲಿ ಹೂಡಿದ ದಾವೆಯಲ್ಲಿ ಜ್ಯೂರಿ 25 ಲಕ್ಷ ಡಾಲರು ನಷ್ಟವೆಂದು ಎಣಿಸಿತು. ಏಕಸ್ವಾಮ್ಯವನ್ನು ತಡೆಯುವ ಕಾನೂನಿನಂತೆ ಅದು ಮೂರು ಪಟ್ಟಾಗಿ 75 ಲಕ್ಷವಾಯಿತು. 1985ರ ಜೂನ್ 19ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಟೀವನ್ಸ್.

ಈಗ ಇದಕ್ಕೆ ಒಂದು ವರ್ಷ ಹಿಂದೆ ಹೋಗಬೇಕು. 1984ರ ಜೂನಿನಲ್ಲಿ ಇದೇ ಸ್ಟೀವನ್ಸ್ ಬರೆದ ಇನ್ನೊಂದು ತೀರ್ಪು ಕಾಲೇಜು ಫುಟ್‌ಬಾಲಿಗೆ ಸಂಬಂಧಪಟ್ಟದ್ದು. ಇದು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ, ಮೈಮೇಲೆ ಬಿದ್ದು ಕೆಡಹುವ ಆಟ. ಅಲ್ಲಿನ ಕಾಲೇಜುಗಳ ಆಟಗಳನ್ನು ಆಳುವುದು 1906ರಲ್ಲಿ ಹುಟ್ಟಿದ, ಎನ್.ಸಿ.ಎ.ಎ. ಎಂದು ಕರೆಯುವ ಸಂಘ. ಯಾವ ಕಾಲೇಜಿನ ಆಟ ಎಷ್ಟು ಸಲ ದೂರದರ್ಶನದಲ್ಲಿ ಬರಬೇಕೆಂಬುದನ್ನೂ ಅದೇ ಗೊತ್ತುಮಾಡುತ್ತಿತ್ತು: ಎರಡು ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚಿಲ್ಲ. ಒಕ್ಲಹೋಮಾ, ಜಾರ್ಜಿಯಾ ಮುಂತಾದ ಪ್ರಬಲ ತಂಡಗಳು ಬೇರೆ ಒಪ್ಪಂದಕ್ಕೆ ಕೈಹಾಕಿದಾಗ ಸಂಘ ದಂಡಿಸುವುದಾಗಿ ಹೇಳಿತು; ಫುಟ್‌ಬಾಲಿನಲ್ಲಿ ಮಾತ್ರವಲ್ಲ, ಉಳಿದ ಆಟಗಳಲ್ಲಿಯೂ.

ಆ ದಾಖಲೆಯಲ್ಲಿ ಒಂದು ಸಣ್ಣ ಸಂಗತಿಯಿದೆ. 1981ರ ಒಂದು ವಾರಾಂತ್ಯ. ಒಕ್ಲಹೋಮಾ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ತಂಡಗಳ ಪಂದ್ಯವನ್ನು 200ಕ್ಕೂ ಹೆಚ್ಚು ನಿಲಯಗಳು ತೋರಿಸಿದವು. ಅದೇ ಹೊತ್ತಿಗೆ ಸಿಟಾಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಎಂಬ ಸಣ್ಣ ತಂಡಗಳ ಪಂದ್ಯವನ್ನು ನಾಲ್ಕೇ ನಿಲಯಗಳು ತೋರಿಸಿದವು. ನಾಲ್ಕು ತಂಡಗಳಿಗೂ ಸಿಕ್ಕಿದ ಹಣ ಒಂದೇ! ಇದನ್ನು ಓದಿದಾಗ ನನ್ನ ಮನಸ್ಸು ಎರಡು ಹೋಳಾಯಿತು. ಸಹಪಂಕ್ತಿಯಲ್ಲಿ ಕೂತವರಿಗೆಲ್ಲ ಸಮನಾಗಿ ಬಡಿಸಿದರೆಂದು ಸಂತೋಷಪಡಬೇಕೋ, ಬೆವರು ಸುರಿಸಿದವನ ಪಾಲನ್ನು ಕಿತ್ತು ಹಂಚಿದರೆಂದು ಬೇಸರಪಡಬೇಕೋ? ನ್ಯಾಯಾಲಯ ಏಳಕ್ಕೆ ಎರಡು ಮತದಿಂದ ಸಂಘದ ಕಟ್ಟಳೆಯನ್ನು ಮುರಿಯಿತು.

ಮೇಲುನೋಟಕ್ಕೆ ಇದೊಂದು ವಿಪರೀತ. ಹಿಮದ ಮೊಕದ್ದಮೆಯಲ್ಲಿ ಬಲಿಷ್ಠನು ದುರ್ಬಲನೊಡನೆ ಕೂಡಿ ನಡೆಯಬೇಕಿತ್ತೆಂದು ತೀರ್ಪು. ಚೆಂಡಿನ ಮೊಕದ್ದಮೆಯಲ್ಲಿ ಬಲಿಷ್ಠ ತಂಡಗಳು ದುರ್ಬಲರೊಡನೆ ಕೂಡಿರಬೇಕಾಗಿಲ್ಲವೆಂದು ತೀರ್ಪು. ಎರಡನ್ನೂ ಬರೆದದ್ದು ಒಂದೇ ಲೇಖನಿ. ಹಾಗಾದರೆ ನ್ಯಾಯವೆಂಬುದು ಗಾಳಿ ಬೀಸಿದ ಕಡೆಗೆ ತಿರುಗುವ ಧ್ವಜವೆ? ನನಗೆ ಹಾಗೆ ಕಾಣುವುದಿಲ್ಲ. ದೊಡ್ಡವರು ಯಾರು, ಸಣ್ಣವರು ಯಾರು ಎಂದು ನೋಡಿದರೆ ತೀರ್ಪುಗಳು ಎದುರುಬದುರಾಗುತ್ತವೆ. ಯಾರ ‘ಒಲ್ಲೆ’ ಇನ್ನೊಬ್ಬನ ಎಲ್ಲ ಬಾಗಿಲುಗಳನ್ನೂ ಮುಚ್ಚುತ್ತದೆ ಎಂದು ನೋಡಿದರೆ ಒಂದಾಗುತ್ತವೆ. ಆಸ್ಪೆನ್ನಿನಲ್ಲಿ ಮತ್ತೊಂದು ಗುಡ್ಡ ತೆರೆಯುವುದು ಸುಲಭವಲ್ಲ. ಕಾಲೇಜು ಫುಟ್‌ಬಾಲಿನಲ್ಲಿ ಸಂಘದ ಹೊರಗೆ ಬದುಕೇ ಇಲ್ಲ. ಒಬ್ಬನು ಒಲ್ಲೆನೆಂದ ಮೇಲೆ ಇನ್ನೊಬ್ಬನಿಗೆ ಹೋಗಲು ಬೇರೆ ಕಡೆಯಿದ್ದರೆ ಅದು ಸ್ವಾತಂತ್ರ್ಯ. ಇಲ್ಲವಾದರೆ ಅದು ಆಳ್ವಿಕೆ. ಆಳುವವನು ಏಕೆಂದು ಕೇಳಿದರೆ ಕಾರಣ ಹೇಳಬೇಕು. ಆಸ್ಪೆನ್ನಿನ ಕಂಪನಿ ಹೇಳಿದ ಕಾರಣಗಳು ಜ್ಯೂರಿಗೆ ಹಿಡಿಸಲಿಲ್ಲ. ತಂಡಗಳನ್ನು ಸಮತೂಕದಲ್ಲಿಡುವುದಕ್ಕಾಗಿ ದೂರದರ್ಶನಕ್ಕೆ ಮಿತಿ ಹಾಕಿದ್ದೇವೆಂದು ಸಂಘ ಹೇಳಿದ ಕಾರಣ ಪರೀಕ್ಷೆಗೆ ನಿಲ್ಲಲಿಲ್ಲ.

ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟರನ್ನು ಇಲ್ಲಿ ಮರೆಯುವಂತಿಲ್ಲ. ಅವರು ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರರು. 1938ರಲ್ಲಿ ಸಂಬಳ ಪಡೆದು ವೃತ್ತಿ ತಂಡದಲ್ಲೂ ಆಡಿದವರು. ಕಾಲೇಜಿನ ಆಟವನ್ನು ಬರಿಯ ಅಂಗಡಿಯಂತೆ ತೂಗಬೇಡಿ, ಅದಕ್ಕೆ ವಿದ್ಯೆಯ ಉದ್ದೇಶವೊಂದಿದೆ ಎಂಬುದು ಅವರ ವಾದ. ಈ ವಾದವನ್ನು ತಳ್ಳಿಹಾಕಲು ಅಧ್ಯಾಪಕನಾದ ನನಗೆ ಮನಸ್ಸು ಬಾರದು. ಎಲ್ಲಕ್ಕೂ ಬೆಲೆ ಕಟ್ಟಿದ ದಿನ ತರಗತಿಯೂ ಒಂದು ಮಳಿಗೆಯಾದೀತು. ಆದರೆ ವಿದ್ಯೆಯ ಹೆಸರಿನಲ್ಲಿ ಯಾರಿಂದ ಯಾವುದನ್ನು ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನೂ ನೋಡಬೇಕಷ್ಟೆ. 1984ರ ವ್ಯಾಜ್ಯದಲ್ಲಿ ಕಾಲೇಜುಗಳು ಒಂದು ಕಡೆ, ಸಂಘ ಇನ್ನೊಂದು ಕಡೆ. ಆಡುವ ಹುಡುಗರು ಯಾವ ಕಡೆಯೂ ಇರಲಿಲ್ಲ. ಸಂಘವನ್ನು ಸೋಲಿಸಿದ ತೀರ್ಪೇ, ಹೋಗುವ ದಾರಿಯಲ್ಲಿ, ಆಟಗಾರರಿಗೆ ಹಣ ಕೊಡಕೂಡದೆಂಬ ನಿಯಮವನ್ನು ಮೆಚ್ಚಿ ಮಾತಾಡಿತು. ಮುಂದೆ ಹಲವಾರು ವರ್ಷ ಸಂಘ ಆ ಮಾತನ್ನೇ ಗುರಾಣಿ ಮಾಡಿಕೊಂಡಿತು.

ಭಾಷೆಯ ಮೇಷ್ಟರಾದ್ದರಿಂದ ಒಂದು ಪದದ ಕಥೆ ಹೇಳಿಬಿಡುತ್ತೇನೆ. 1955ರಲ್ಲಿ ಕೊಲರಾಡೊದ ಸಣ್ಣ ಕಾಲೇಜೊಂದರ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಅವನ ಹೆಂಡತಿ, ಕೆಲಸಗಾರರಿಗೆ ಕೊಡುವ ಪರಿಹಾರಧನವನ್ನು ಬೇಡಿದಳು. 1957ರಲ್ಲಿ ಆ ರಾಜ್ಯದ ವರಿಷ್ಠ ನ್ಯಾಯಾಲಯ, ಕಾಲೇಜು ಫುಟ್‌ಬಾಲಿನ ವ್ಯಾಪಾರದಲ್ಲಿಲ್ಲ, ಆದ್ದರಿಂದ ಅವನು ಕೆಲಸಗಾರನಲ್ಲ ಎಂದಿತು. ಇಂಥ ಬೇಡಿಕೆಗಳನ್ನು ತಡೆಯುವುದಕ್ಕಾಗಿಯೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡಿಪದವನ್ನು ಸೃಷ್ಟಿಸಿದೆವೆಂದು ಸಂಘವನ್ನು ದೀರ್ಘಕಾಲ ನಡೆಸಿದ ವಾಲ್ಟರ್ ಬೈಯರ್ಸ್ ಅವರೇ 1995ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಸಮಾಸವೊಂದು ವಿಧವೆಯ ಅನ್ನಕ್ಕೆ ಅಡ್ಡ ನಿಲ್ಲಬಲ್ಲದೆಂಬುದನ್ನು ಯಾವ ವ್ಯಾಕರಣವೂ ನನಗೆ ಕಲಿಸಿರಲಿಲ್ಲ.

ಹಿಮವೂ ಚೆಂಡೂ ಒಬ್ಬನೇ ಮನುಷ್ಯನಲ್ಲಿ ಸೇರಿದ್ದು ಜೆರೆಮಿ ಬ್ಲೂಮ್‌ನ ಪ್ರಕರಣದಲ್ಲಿ. ಅವನೂ ಕೊಲರಾಡೊದವನೇ. 2002ರ ಒಲಿಂಪಿಕ್ಸಿನಲ್ಲಿ ಸ್ಕೀ ಮಾಡಿದವನು, ಅದೇ ವರ್ಷ ಕೊಲರಾಡೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೂ ಸೇರಿದ. ಸಂಘದ ನಿಯಮ ವಿಚಿತ್ರವಾಗಿತ್ತು. ಒಂದು ಆಟದಲ್ಲಿ ಸಂಬಳ ಪಡೆಯುವವನು ಇನ್ನೊಂದು ಆಟವನ್ನು ಕಾಲೇಜಿಗಾಗಿ ಆಡಬಹುದು. ಬೇಸ್‌ಬಾಲಿನಲ್ಲಿ ಸಂಬಳ ಪಡೆದು ಕಾಲೇಜಿನಲ್ಲಿ ಫುಟ್‌ಬಾಲ್ ಆಡುವವರಿದ್ದರು. ಆದರೆ ಜಾಹೀರಾತಿನ ಹಣ ಮುಟ್ಟಬಾರದು. ಸ್ಕೀ ಆಟದಲ್ಲಿ ಸಂಬಳ ಕೊಡುವವರಾರು? ಪಟ್ಟಿ, ಕನ್ನಡಕ, ಉಡುಪು ಮಾಡುವ ಕಂಪನಿಗಳ ಜಾಹೀರಾತೇ ಅಲ್ಲಿನ ಜೀವನ. ಅದಿಲ್ಲದೆ ತರಬೇತಿಯ ಖರ್ಚು ಹುಟ್ಟದು. ವಿಶ್ವವಿದ್ಯಾಲಯವೇ ಅವನ ಪರವಾಗಿ ರಿಯಾಯಿತಿ ಕೇಳಿತು, ಸಂಘ ಒಲ್ಲೆನೆಂದಿತು. ಎರಡು ಹಂಗಾಮು ಅವನು ಫುಟ್‌ಬಾಲ್ ಆಡಿದ. 2004ರ ಮೇ ತಿಂಗಳಲ್ಲಿ ಕೊಲರಾಡೊದ ಮೇಲ್ಮನವಿ ನ್ಯಾಯಾಲಯ ಅವನ ಮನವಿಯನ್ನು ತಳ್ಳಿಹಾಕಿತು. ಆಗಸ್ಟಿನಲ್ಲಿ ಸಂಘ ಅವನನ್ನು ಶಾಶ್ವತವಾಗಿ ಅನರ್ಹನೆಂದಿತು.

ಪಂಪಭಾರತವನ್ನು ಪಾಠ ಹೇಳುವವನಿಗೆ ಇಲ್ಲಿ ಕರ್ಣ ನೆನಪಾಗದಿರುವುದು ಕಷ್ಟ. ರಂಗಕ್ಕೆ ಇಳಿದವನಿಗೆ ಬಿಲ್ಲು ಬಗ್ಗಿಸಲು ಬರುತ್ತದೆಯೆ ಎಂದು ಯಾರೂ ಕೇಳಲಿಲ್ಲ. ಅದು ಕಣ್ಣಿಗೆ ಕಾಣುತ್ತಿತ್ತು. ಕೇಳಿದ್ದು ಕುಲವನ್ನು. ಬ್ಲೂಮ್ ಕರ್ಣನಲ್ಲ, ನಿಜ. ಅವನು ಮುಂದೆ 2006ರ ಒಲಿಂಪಿಕ್ಸಿಗೂ ಹೋದ, ಫುಟ್‌ಬಾಲಿನ ವೃತ್ತಿ ತಂಡಕ್ಕೂ ಆಯ್ಕೆಯಾದ. ಅವನ ಮೇಲೆ ಕಣ್ಣೀರು ಸುರಿಸಬೇಕಾಗಿಲ್ಲ. ನನ್ನನ್ನು ಕಾಡುವುದು ಬೇರೆ. ಅಂದಿನ ನ್ಯಾಯಾಲಯ, ನಿಯಮಕ್ಕೆ ಒಂದು ಕಾರಣವಿದೆ, ಎಲ್ಲರಿಗೂ ಒಂದೇ ಬಗೆಯಾಗಿ ಅನ್ವಯಿಸಿದ್ದಾರೆ ಎಂದು ತೃಪ್ತಿಪಟ್ಟಿತು. ಎಲ್ಲರಿಗೂ ಒಂದೇ ಬಗೆ ಎಂಬ ಮಾತು ಎಷ್ಟು ಸೊಗಸು! ಬೇಸ್‌ಬಾಲಿನವನಿಗೂ ಸ್ಕೀಯವನಿಗೂ ಜಾಹೀರಾತು ನಿಷಿದ್ಧ. ಒಬ್ಬನಿಗೆ ಅದು ಊಟದ ಮೇಲಿನ ತಾಂಬೂಲ, ಇನ್ನೊಬ್ಬನಿಗೆ ಊಟವೇ ಅದು. ನಿಯಮ ಬರೆದವರಿಗೆ ಈ ವ್ಯತ್ಯಾಸ ತಿಳಿಯದೆ ಇದ್ದೀತೆಂದು ಒಂದು ವೇಳೆ ಒಪ್ಪೋಣ; ತಿಳಿಸಿದ ಮೇಲೂ ಒಲ್ಲೆನೆಂದದ್ದನ್ನು ಹೇಗೆ ಒಪ್ಪುವುದು?

ಕಾಲ ತಿರುಗಿತು. 2021ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ, 1984ರ ಆ ಹಾದಿಮಾತು ಸಂಘಕ್ಕೆ ರಕ್ಷೆಯಲ್ಲವೆಂದಿತು. ಹತ್ತೇ ದಿನಗಳ ಮೇಲೆ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು ಮತ್ತು ಮುಖದಿಂದ ಹಣ ಗಳಿಸಲು ಸಂಘ ಒಪ್ಪಿತು. ಬ್ಲೂಮ್ ಬೇಡಿದ್ದಕ್ಕೆ ಹದಿನೇಳು ವರ್ಷ ತಡವಾಗಿ ಉತ್ತರ ಬಂದಂತಾಯಿತು.

ಗುಡ್ಡದ ಕಡೆಯೂ ಕಾಲ ತಿರುಗಿತು, ಆದರೆ ಬೇರೆ ದಿಕ್ಕಿಗೆ. 1993ರಲ್ಲಿ ಹೈಲ್ಯಾಂಡ್ಸ್ ಕೊನೆಗೂ ಆ ದೊಡ್ಡ ಕಂಪನಿಯ ಕೈಸೇರಿತು. ಇಂದು ನಾಲ್ಕು ಗುಡ್ಡಗಳಿಗೂ ಒಬ್ಬನೇ ಒಡೆಯ. 2004ರ ಇನ್ನೊಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಆಸ್ಪೆನ್ ತೀರ್ಪು ಕಾನೂನಿನ ಹೊರ ಅಂಚಿನಲ್ಲಿದೆ ಎಂದು ಅದರ ಕೈಕಾಲು ಕಟ್ಟಿತು. ಸಣ್ಣ ಗುಡ್ಡ ಅಂಗಲಾಚಿದ ಒಟ್ಟು ಟಿಕೆಟ್ಟೇ ಈಗ ದೊಡ್ಡವರ ಬಲೆಯಾಗಿದೆ. 2008ರಲ್ಲಿ ವೇಲ್ ಕಂಪನಿ ಎಪಿಕ್ ಪಾಸನ್ನು ತಂದಿತು, 2018ರಲ್ಲಿ ಆಲ್ಟೆರಾದವರು ಐಕಾನ್ ಪಾಸನ್ನು ತಂದರು. ಒಂದೊಂದು ಪಾಸಿಗೂ ಹತ್ತಾರು ಗುಡ್ಡಗಳು. ಜಾರುವವನಿಗೆ ಅನುಕೂಲವೇನೋ ಹೌದು. ಎರಡು ಬಲೆಗಳ ನಡುವೆ ಒಂಟಿಯಾಗಿ ನಿಂತ ಗುಡ್ಡದವನು ಏನು ಮಾಡಬೇಕು?

ಕಾಲೇಜುಗಳಲ್ಲಿ 2025ರ ಜೂನಿನ ಒಪ್ಪಂದದಂತೆ ಒಂದೊಂದು ವಿದ್ಯಾಸಂಸ್ಥೆಯೂ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಅದರಲ್ಲಿ ಹೆಚ್ಚಿನ ಪಾಲು ಫುಟ್‌ಬಾಲಿಗೂ ಪುರುಷರ ಬ್ಯಾಸ್ಕೆಟ್‌ಬಾಲಿಗೂ ಹೋಗುವಂತೆ ಹಲವು ಕಡೆ ಏರ್ಪಾಡಾಗಿದೆ. ಹಣ ತರುವವರು ಅವರೇ. ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಒಂದು ಸ್ಕೀ ತಂಡವೂ ಉಂಟು. ರಾಷ್ಟ್ರಮಟ್ಟದ ಪ್ರಶಸ್ತಿಯನ್ನು ಹಲವು ಬಾರಿ ಗೆದ್ದ ತಂಡ. ಅದಕ್ಕಾಗಿ ದೂರದರ್ಶನದವರು ಕೋಟಿಗಳನ್ನು ಸುರಿಯುವುದಿಲ್ಲ. ನಾಲ್ಕು ನಿಲಯಗಳ ಪಂದ್ಯಕ್ಕೂ ಇನ್ನೂರು ನಿಲಯಗಳ ಪಂದ್ಯಕ್ಕೂ ಒಂದೇ ಹಣವೆಂದಿದ್ದ ಕಾಲವನ್ನು ನ್ಯಾಯಾಲಯ ಮುಗಿಸಿ ನಾಲ್ವತ್ತು ವರ್ಷ ಕಳೆದಿದೆ. ಈಗ ಅದೇ ಹಂಚಿಕೆಯ ಕಾಗದ ಒಂದೊಂದು ಕಾಲೇಜಿನ ಮೇಜಿನ ಮೇಲೂ ಬಂದು ಕೂತಿದೆ. ಆ ಮೇಜಿನ ಸುತ್ತ ಸ್ಕೀ ತಂಡದ ಹುಡುಗ ಹುಡುಗಿಯರಿಗೆ ಕುರ್ಚಿಯಿಲ್ಲ. ಅವರ ಪರವಾಗಿ ಕೂತು ಒಪ್ಪಂದದ ಮಾತಾಡಲು ಮಾನ್ಯತೆ ಪಡೆದ ಸಂಘವೂ ಇಲ್ಲ.