ತಾಯಿಯ ನೋವು, ಹಿತ್ತಲ ಗಿಡ



ಹೊನ್ನಾಳಿ, ಚನ್ನಗಿರಿ, ನ್ಯಾಮತಿಯ ಕಡೆ ಮೆಕ್ಕೆಜೋಳ ಆಳೆತ್ತರ ಬೆಳೆದು ನಿಂತಾಗ ಹೊಲದ ನಡುವೆ ಏನಿದೆ ಎಂಬುದು ದಾರಿಹೋಕರಿಗೆ ಕಾಣುವುದಿಲ್ಲ. ಜೋಳದ ಸಾಲಿನ ಮಧ್ಯೆ ಗಾಂಜಾ ಗಿಡ ಸಿಕ್ಕಿತು, ರೈತನ ಬಂಧನವಾಯಿತು ಎಂಬ ಸುದ್ದಿಯನ್ನು ನಮ್ಮ ಭಾಗದವರು ಪತ್ರಿಕೆಗಳಲ್ಲಿ ಓದುತ್ತಲೇ ಬಂದಿದ್ದೇವೆ. ಹಣದಾಸೆಗೆ ಬೆಳೆದು, ಊರ ಹುಡುಗರ ಬಾಳು ಹಾಳುಮಾಡುವವನ ವಿಷಯದಲ್ಲಿ ನಮಗೆ ಗೊಂದಲವಿಲ್ಲ. ಆದರೆ ಮಾರುವುದಕ್ಕಲ್ಲ, ಔಷಧಕ್ಕೆಂದು ನಾಲ್ಕು ಗಿಡ ಬೆಳೆದವನ ಬಗ್ಗೆ ಏನು ಹೇಳೋಣ?

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಾಯಿಗೆ ಕ್ಯಾನ್ಸರ್. ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದಿದೆ. "ಮನೆಗೆ ಕರೆದುಕೊಂಡು ಹೋಗಿ" ಎಂದಿದ್ದಾರೆ. ರಾತ್ರಿಯೆಲ್ಲ ನರಳಾಟ, ತಿಂದದ್ದು ನಿಲ್ಲುವುದಿಲ್ಲ. ಯಾರೋ ಬಂದು, ಗಾಂಜಾದಿಂದ ನೋವು ಇಳಿಯುತ್ತದೆ, ಹೊರದೇಶಗಳಲ್ಲಿ ವೈದ್ಯರೇ ಕೊಡುತ್ತಾರೆ ಎನ್ನುತ್ತಾರೆ. ಮಗ ಹಿತ್ತಲಲ್ಲಿ ಬೀಜ ಊರುತ್ತಾನೆ. ಅವನು ಮಾಡಿದ್ದು ಪಾಪವೋ, ಪ್ರೀತಿಯ ಕರ್ತವ್ಯವೋ?

ಮೊದಲು ಗಿಡದ ಮಾತು. ದೇವರು ಸೃಷ್ಟಿಸಿದ ಯಾವ ಗಿಡವೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಭೂಮಿಯಿಂದ ಔಷಧಗಳನ್ನು ಹುಟ್ಟಿಸಿದವನು ಸರ್ವೇಶ್ವರನೇ, ವಿವೇಕಿಯು ಅವನ್ನು ಹೀಗಳೆಯನು ಎಂಬುದು ಸಿರಾಖನ ಗ್ರಂಥದ 38ನೇ ಅಧ್ಯಾಯದ ಬೋಧನೆ. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಎಂಬ ಹೆಸರಿದೆ. ಪರವಾನಗಿ ಪಡೆದ ಔಷಧ ತಯಾರಕರು ಅದನ್ನು ಬಳಸುತ್ತಾರೆ. ಆಧುನಿಕ ವೈದ್ಯಕೀಯವೂ ಅದನ್ನು ಪೂರ್ತಿ ತಳ್ಳಿಹಾಕಿಲ್ಲ. ಮಕ್ಕಳನ್ನು ಕಾಡುವ ಕೆಲವು ತೀವ್ರ ಬಗೆಯ ಮೂರ್ಛೆರೋಗಕ್ಕೆ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವು ಗಾಂಜಾವನ್ನು ಅತ್ಯಂತ ಕಠಿಣ ಪಟ್ಟಿಯಿಂದ ಕೈಬಿಟ್ಟಾಗ ಭಾರತವೂ ಅದರ ಪರವಾಗಿ ಮತ ಹಾಕಿತು. ಇಷ್ಟಾದರೂ, ಗಾಂಜಾ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬುದು ಸಾಬೀತಾದ ಮಾತಲ್ಲ. ಹಿತ್ತಲ ಗಿಡದಲ್ಲಿ ಎಷ್ಟು ಔಷಧವಿದೆ, ಎಷ್ಟು ಅಮಲಿದೆ ಎಂದು ಅಳೆಯಲು ಮನೆಯಲ್ಲಿ ತಕ್ಕಡಿಯಿಲ್ಲ.

ಇನ್ನು ಕಾನೂನು. 1985ರ ಮಾದಕದ್ರವ್ಯ ಕಾಯಿದೆಯು ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ, ಅದೂ ಸರಕಾರದ ಪರವಾನಗಿಯೊಡನೆ ಹೊರತು, ಗಾಂಜಾ ಗಿಡ ಬೆಳೆಯುವುದನ್ನು ನಿಷೇಧಿಸುತ್ತದೆ. ಉತ್ತರಾಖಂಡ ರಾಜ್ಯವು ನಾರು ಮತ್ತು ಬೀಜಕ್ಕಾಗಿ, ಅಮಲಿಲ್ಲದ ತಳಿ ಬೆಳೆಯಲು ಪರವಾನಗಿ ನೀಡಿದೆ. ಆದರೆ ರೋಗಿಯೋ ಅವನ ಮನೆಯವರೋ ಹಿತ್ತಲಲ್ಲಿ ಬೆಳೆದುಕೊಳ್ಳಲು ಪರವಾನಗಿ ಕೊಡುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಇಲ್ಲ. ಪರವಾನಗಿಯಿಲ್ಲದೆ ಬೆಳೆದವನಿಗೆ 10 ವರ್ಷಗಳವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಒಂದು ಕಿಲೋವರೆಗಿನ ಗಾಂಜಾ ಅಲ್ಪ ಪ್ರಮಾಣ, ಅದಕ್ಕೆ ಶಿಕ್ಷೆ ಕಡಿಮೆ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಆ ರಿಯಾಯಿತಿ ಇರುವುದು ಇಟ್ಟುಕೊಂಡವನಿಗೆ, ಸಾಗಿಸಿದವನಿಗೆ. ಬೆಳೆದವನ ವಿಷಯದಲ್ಲಿ ಕಾಯಿದೆ ಗಿಡದ ಲೆಕ್ಕವನ್ನೇ ಹಿಡಿಯುವುದಿಲ್ಲ. ಭಂಗಿ ನಿಷೇಧಿತವಲ್ಲ ಎಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಹೇಳಿದ್ದು ನಿಜ. ಆದರೆ ಅದು ಎಲೆಯ ಮಾತು. ಗಿಡ ನೆಡಲು ಅದರಿಂದ ಅಪ್ಪಣೆ ಸಿಗುವುದಿಲ್ಲ.

ಇನ್ನೂ ಎರಡು ಸಂಗತಿಗಳು ಗಮನದಲ್ಲಿರಲಿ. ನೀವು ಸಾಗುವಳಿ ಮಾಡುವ ಜಮೀನಿನಲ್ಲಿ ಗಿಡ ಸಿಕ್ಕರೆ, ತಪ್ಪು ನಿಮ್ಮದೆಂದೇ ನ್ಯಾಯಾಲಯ ಭಾವಿಸಬಹುದು. ಅಲ್ಲವೆಂದು ತೋರಿಸುವ ಹೊರೆ ನಿಮ್ಮ ಮೇಲೆ. ತನ್ನ ಜಮೀನಿನಲ್ಲಿ ಗಿಡ ಬೆಳೆದದ್ದು ತಿಳಿದೂ ತಿಳಿಸದ ಜಮೀನುದಾರನೂ ಶಿಕ್ಷೆಗೆ ಗುರಿಯಾಗುತ್ತಾನೆ. ಸುದ್ದಿ ತಿಳಿದ ಗ್ರಾಮಾಧಿಕಾರಿಗಳಿಗೂ ಪಂಚಾಯಿತಿಯವರಿಗೂ ವರದಿ ಮಾಡುವ ಕರ್ತವ್ಯವಿದೆ. ಹೀಗೆ ಮಗ ನೆಟ್ಟ ಗಿಡ ಅವನೊಬ್ಬನ ಗುಟ್ಟಾಗಿ ಉಳಿಯದು. ಪಹಣಿಯಲ್ಲಿ ಹೆಸರಿರುವ ಅಪ್ಪ, ನೀರು ಹಾಯಿಸಿದ ಕೂಲಿಯವ, ಕಂಡೂ ಸುಮ್ಮನಿದ್ದ ಪಂಚಾಯಿತಿ ಸದಸ್ಯ, ಎಲ್ಲರೂ ಅದರ ನೆರಳಿಗೆ ಬರುತ್ತಾರೆ.

"ಫಾದರ್, ಕಾನೂನು ಹಾಗಿರಲಿ, ಆತ್ಮಸಾಕ್ಷಿ ಏನನ್ನುತ್ತದೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾನೂನೆಂದರೆ ಸರ್ವರ ಹಿತಕ್ಕಾಗಿ ವಿವೇಕವು ಮಾಡಿದ ಕಟ್ಟಳೆ ಎಂದರು ಸಂತ ತೋಮಸ್ ಅಕ್ವಿನಾಸರು. ಕಾನೂನು ಮಾಡಿದವನು ಊಹಿಸಿರದ ಸಂದರ್ಭದಲ್ಲಿ ಅದರ ಅಕ್ಷರವನ್ನು ಬಿಟ್ಟು ಅದರ ಉದ್ದೇಶವನ್ನು ಪಾಲಿಸುವುದು ಸದ್ಗುಣವೆಂದೂ ಅವರು ಬೋಧಿಸಿದರು. ಹಸಿವಿನಿಂದ ಸಾಯುವವನು, ಬೇರೆ ದಾರಿಯೇ ಇಲ್ಲದಾಗ, ಪರರ ರೊಟ್ಟಿ ತೆಗೆದುಕೊಂಡರೆ ಅದು ಕಳ್ಳತನವಲ್ಲ ಎಂದೂ ಹೇಳಿದರು. ನಮ್ಮ ಮಗನಿಗೆ ಈ ವಾದಗಳು ಸಲ್ಲುತ್ತವೆಯೇ?

ಮೊದಲನೆಯದು ಸಲ್ಲುವುದು ಕಷ್ಟ. ಈ ಕಾಯಿದೆ ರೋಗಿಯನ್ನು ಮರೆತಿಲ್ಲ. ಔಷಧದ ಬಾಗಿಲನ್ನು ಪರವಾನಗಿಯ ಬೀಗ ಹಾಕಿ ಇಟ್ಟಿದೆ. ಊಹಿಸಿಯೇ ಮಾಡಿದ ಕಟ್ಟಳೆಯನ್ನು ಊಹಿಸಿರಲಿಲ್ಲ ಎನ್ನಲಾಗದು. ಎರಡನೆಯ ವಾದವೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ: ಬೇರೆ ದಾರಿಯೇ ಇಲ್ಲವೇ?

ಬೇರೆ ದಾರಿ ಇದೆ, ಪ್ರಿಯರೇ. ನಮ್ಮಲ್ಲಿ ಅನೇಕರಿಗೆ ಅದು ಗೊತ್ತಿಲ್ಲ, ಅಷ್ಟೇ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಬಹುಕಾಲದಿಂದ ಬಳಕೆಯಲ್ಲಿದೆ. ಇದೇ 1985ರ ಕಾಯಿದೆಯನ್ನು 2014ರಲ್ಲಿ ತಿದ್ದುಪಡಿ ಮಾಡಿ, ಮಾರ್ಫಿನ್‌ನಂಥ ಅಗತ್ಯ ಔಷಧಗಳು ಮಾನ್ಯತೆ ಪಡೆದ ಆಸ್ಪತ್ರೆಗಳ ಮೂಲಕ ರೋಗಿಗಳಿಗೆ ಸುಲಭವಾಗಿ ಸಿಗುವಂತೆ ಮಾಡಲಾಯಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಶಮನದ ವಿಭಾಗವಿದೆ. ಅದೇ ಊರಿನ ಕರುಣಾಶ್ರಯವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ವಾಂತಿ ತಡೆಯಲೂ ಒಳ್ಳೆಯ ಔಷಧಗಳಿವೆ. ಮಾರ್ಫಿನ್ ತೆಗೆದುಕೊಂಡರೆ ಪಾಪವೆಂದು ಅಂಜುವ ಭಕ್ತರೂ ಉಂಟು. ಅಂಜಬೇಡಿ. ಪ್ರಜ್ಞೆ ಮಂಕಾದರೂ, ಬೇರೆ ಉಪಾಯವಿಲ್ಲದಾಗ, ನೋವು ಶಮನದ ಔಷಧ ಕೊಡಬಹುದೆಂದು ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ ವೈದ್ಯರಿಗೆ ತಿಳಿಸಿದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ 2291ನೇ ಕಂಡಿಕೆಯಲ್ಲಿ ಮಾದಕವಸ್ತುವಿನ ಸೇವನೆಯನ್ನು ಗಂಭೀರ ಅಪರಾಧವೆನ್ನುವಾಗ, ಕಟ್ಟುನಿಟ್ಟಾದ ಚಿಕಿತ್ಸೆಯ ಕಾರಣವನ್ನು ಹೊರತುಪಡಿಸಿದೆ. ಆದರೆ ಗುಟ್ಟಾಗಿ ತಯಾರಿಸುವುದನ್ನೂ ಸಾಗಿಸುವುದನ್ನೂ ಅದು ಖಂಡಿಸುತ್ತದೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ತಾಯಿ ತೀರಿಕೊಂಡ ಮೇಲೆ ಉಳಿದ ಗಿಡ ಏನಾಗುತ್ತದೆ? ಸಾಲ ತಲೆಯ ಮೇಲಿದೆ. ಗಿಡ ಹೂಬಿಟ್ಟು ನಿಂತಿದೆ. ಕೊಳ್ಳುವವನು ಬಾಗಿಲಿಗೆ ಬಂದಿದ್ದಾನೆ. ಕರುಣೆಯಿಂದ ಊರಿದ ಬೀಜ ಲೋಭದ ಫಲ ಕೊಡಲು ಒಂದು ಕೆಟ್ಟ ದಿನ ಸಾಕು. ಮನೆಯಲ್ಲಿ ಹರೆಯದ ಮಕ್ಕಳಿದ್ದರೆ ಅವರೇ ಮೊದಲ ಗಿರಾಕಿಗಳಾಗಬಹುದು.

ಹಾಗಾದರೆ ಆ ಮಗನನ್ನು ಕಳ್ಳಸಾಗಣೆಗಾರನ ಪಕ್ಕದಲ್ಲಿ ನಿಲ್ಲಿಸೋಣವೇ? ಖಂಡಿತ ಇಲ್ಲ. ಕೃತ್ಯದ ತಪ್ಪು ಬೇರೆ, ಮಾಡಿದವನ ಹೊಣೆ ಬೇರೆ. ಭಯ, ಅಜ್ಞಾನ, ತಾಯಿಯ ಮೇಲಿನ ಮಮತೆ, ಇವು ಹೊಣೆಯನ್ನು ಬಹಳ ತಗ್ಗಿಸುತ್ತವೆ. ಅವನ ಎದೆಯೊಳಗಿರುವುದನ್ನು ದೇವರು ಬಲ್ಲರು. ಕಾನೂನು ಮಾಡುವವರಿಗೂ ಇಲ್ಲೊಂದು ಪಾಠವಿದೆ. ಔಷಧದ ಬಾಗಿಲು ಕಾಗದದ ಮೇಲೆ ತೆರೆದಿದ್ದು ಬಡವನಿಗೆ ಮುಚ್ಚಿದ್ದರೆ, ಅವನು ಹಿತ್ತಲ ಬಾಗಿಲು ಹುಡುಕುತ್ತಾನೆ. ಗಿಡ ಕೀಳಲು ಹಳ್ಳಿಯವರೆಗೆ ಜೀಪು ಬರಬಹುದಾದರೆ, ನೋವು ಶಮನದ ಮಾತ್ರೆಯೂ ಹಳ್ಳಿಯವರೆಗೆ ಬರಬೇಕು. ಇದನ್ನು ಕೇಳುವುದು ನಮ್ಮ ಹಕ್ಕು.

ನಮಗೂ ಕೆಲಸವಿದೆ. ನಿಮ್ಮ ನೆರೆಯಲ್ಲಿ ನರಳುವ ರೋಗಿಯಿದ್ದರೆ, ನೋವು ಶಮನದ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಆ ಮನೆಯವರಿಗೆ ತಿಳಿಸಿ. ಬಸ್ ಚಾರ್ಜು ಇಲ್ಲದಿದ್ದರೆ ಧರ್ಮಕೇಂದ್ರದ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಕೈಜೋಡಿಸಲಿ. ಒಂದು ರಾತ್ರಿ ರೋಗಿಯ ಪಕ್ಕ ಕುಳಿತು ಮನೆಯವರಿಗೆ ನಿದ್ದೆ ಕೊಡಿ. ಈಗಾಗಲೇ ಯಾರಾದರೂ ಗಿಡ ಬೆಳೆದು ಹೆದರಿ ಕುಳಿತಿದ್ದರೆ, ದಲ್ಲಾಳಿಯ ಬಳಿ ಹೋಗದೆ ವಕೀಲರನ್ನು ಕಾಣಲಿ. ಬಡವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ.

ಶಿಲುಬೆಯ ಬಳಿ ಪ್ರಭು ಯೇಸುವಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕೊಡಲು ಬಂದರು ಎಂದು ಸಂತ ಮಾರ್ಕನು ಬರೆದಿದ್ದಾನೆ. ಪ್ರಭು ಅದನ್ನು ಸ್ವೀಕರಿಸಲಿಲ್ಲ. ಆದರೆ ನೋಯುವವರಿಗೆ ಅದನ್ನು ಕೊಡಬಾರದೆಂದು ಅವರು ಎಲ್ಲೂ ಹೇಳಲಿಲ್ಲ; ರೋಗಿಗಳನ್ನು ಸಂಧಿಸಿದವರು ತಮ್ಮನ್ನೇ ಸಂಧಿಸಿದರೆಂದು ಹೇಳಿದರು. ಆ ತಾಯಿಯ ಮಂಚದ ಬಳಿಗೆ ನಾವು ಮೊದಲೇ ಹೋಗಿದ್ದರೆ, ಮಗ ಹಿತ್ತಲಿಗೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.