ಅಗದ

ನುಡಿಯ ಅರ್ಥವನ್ನರಿಯದೆ ನಡೆ ಶುದ್ಧವಾಗದು. ‘ಗದ’ವೆಂದರೆ ವ್ಯಾಧಿ, ಅದನ್ನು ಇಲ್ಲವಾಗಿಸುವುದು ‘ಅಗದ’. ಔಷಧಕ್ಕೆಲ್ಲ ಸಲ್ಲುವ ಈ ಶಬ್ದವು ವಿಶೇಷವಾಗಿ ವಿಷಹರವಾದ ಮದ್ದಿಗೆ ನಿಂತಿತು. ಆಯುರ್ವೇದದ ಅಷ್ಟಾಂಗಗಳಲ್ಲಿ ಒಂದಕ್ಕೆ ಅಗದತಂತ್ರವೆಂದೇ ಹೆಸರು. ೧೪ನೆಯ ಶತಮಾನದಲ್ಲಿ ಜೈನಕವಿ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ರಚಿಸಿದನು.

ವೈದ್ಯಶಾಸ್ತ್ರವು ವಿಷವನ್ನು ಸ್ಥಾವರ, ಜಂಗಮವೆಂದು ವಿಂಗಡಿಸುವುದು. ಬೇರು, ಖನಿಜಗಳದು ಸ್ಥಾವರ. ಹಾವು, ಚೇಳುಗಳದು ಜಂಗಮ. ಇವೇ ಶಬ್ದಗಳು ಶರಣರ ಬಾಯಲ್ಲಿ ಬೇರೊಂದು ಅರ್ಥವನ್ನು ತಳೆದು, ಜಂಗಮವು ಪೂಜ್ಯವಾಯಿತು. ಕನ್ನಡದ ‘ಮದ್ದು’ ಸಹ ಹಾಗೆಯೇ. ರೋಗವನ್ನು ಕಳೆಯುವುದೂ ಮದ್ದು, ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಕೆಡಿಸುವುದೂ ಮದ್ದು. ಶಬ್ದ ಒಂದೇ; ನೀಡುವ ಕೈಯ ಭಾವ ಬೇರೆ.

ಇಂದಿನ ಕಾಲದ ಅಗದವು ಪ್ರತಿವಿಷದ ಸೂಜಿಮದ್ದು. ಹಾವಿನ ವಿಷವನ್ನು ಅಲ್ಪಾಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿರೋಧಶಕ್ತಿಯನ್ನು ಶೋಧಿಸಿ ಇದನ್ನು ಮಾಡುವರು. ವಿಷವನ್ನು ತಾಳಿಕೊಂಡ ಒಂದು ಜೀವದಿಂದ ಇನ್ನೊಂದು ಜೀವಕ್ಕೆ ರಕ್ಷೆ! ಹಾಲಾಹಲವನ್ನು ಕೊರಳಲ್ಲಿ ಧರಿಸಿ ಲೋಕವನ್ನು ಕಾಯ್ದವನನ್ನು ನಂಜುಂಡನೆಂದು ಕರೆವ ನಾಡಿಗೆ ಈ ತತ್ತ್ವ ಹೊಸದಲ್ಲ.

ಆದರೂ ಹಾವು ಕಚ್ಚಿದಾಗ ಭಸ್ಮ ಹಚ್ಚಿ, ಮಂತ್ರವಾದಿಯ ಬಾಗಿಲಲ್ಲಿ ಕಾದು ಕುಳಿತು ಪ್ರಾಣ ಕಳೆದುಕೊಳ್ಳುವವರುಂಟು. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ ೫೮,೦೦೦ ಮಂದಿ ಹಾವು ಕಚ್ಚಿ ಮಡಿದರೆಂದು ಸಂಶೋಧಕರ ಅಂದಾಜು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ, ಇಂತಹ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿಮಾಡಬೇಕೆಂದು ವಿಧಿಸಿತು. ಇದು ಹಳ್ಳಿಯ ಮಾತಷ್ಟೇ ಅಲ್ಲ. ಬೆಂಗಳೂರಿನ ಬನಶಂಕರಿಯಾಚೆ ತುರಹಳ್ಳಿ ಕಾಡಿನಂಚಿನಲ್ಲಿ ಮನೆ ಮಾಡಿದ ಗೃಹಸ್ಥನಿಗೂ ಸಲ್ಲುವ ಮಾತು. ಗಾಯವನ್ನು ಕೊಯ್ಯದೆ, ಚೀಪದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಿಸದೆ ಕೂಡಲೆ ಆಸ್ಪತ್ರೆಗೆ ಒಯ್ಯುವುದೇ ಕರ್ತವ್ಯ.

ಇದರಿಂದ ಭಕ್ತಿಗೆ ಕುಂದಿಲ್ಲ. ಲಿಂಗವನ್ನು ಧರಿಸಿದ ಕಾಯವು ದೇಗುಲ. ಅದನ್ನು ಕಾಯುವುದೂ ಪೂಜೆಯೇ. ವೈದ್ಯ ಸಂಗಣ್ಣನಂತಹ ಶರಣರು ವೈದ್ಯವನ್ನೇ ಕಾಯಕವಾಗಿ ಕೈಕೊಂಡು ಆ ವೃತ್ತಿಯ ನುಡಿಯಲ್ಲೇ ಅನುಭಾವವನ್ನು ಬೋಧಿಸಿದರು.

ಇನ್ನು ಅಂತರಂಗದ ವಿಷವೊಂದುಂಟು. ಮನೆಯಲ್ಲಿ ಒಬ್ಬರು ಆಡಿದ ಕಡುನುಡಿಗೆ ಮತ್ತೊಬ್ಬರು ಕಡುನುಡಿಯನ್ನೇ ಮರಳಿಸಿದರೆ ನಂಜು ಮನೆಯನ್ನೆಲ್ಲ ವ್ಯಾಪಿಸುವುದು. ಅದನ್ನು ನುಂಗಿ ಕೊರಗದೆ, ಉಗುಳಿ ಸುಡದೆ, ಕೊರಳಲ್ಲೇ ತಡೆದು ಮೃದುವಚನವನ್ನಾಡಬಲ್ಲವನೇ ಆ ಮನೆಗೆ ಅಗದ.